ಲೈಬ್ರರಿಯಿಂದ ತಂದ ಮಾಂಗಾ: ಮೂರನೇ ಸಂಪುಟ ಯಾರ ಮನೆಯಲ್ಲಿದೆ?

ಮಳೆಗಾಲದ ಓದುಗಿ (ಮಡಿಕೇರಿ ಹತ್ತಿರ)
ಆಗಸ್ಟ್ 6, ರಾತ್ರಿ 9.15

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಮಳೆ ರಜೆ. ಕರೆಂಟ್ ಬರುತ್ತೆ, ಹೋಗುತ್ತೆ. ಇನ್ವರ್ಟರ್ ಕೈಕೊಟ್ಟಿದೆ. ಮನೆಯಲ್ಲಿ ಸದ್ಯ ಕೆಲಸ ಮಾಡುತ್ತಿರುವುದು ಲೈಬ್ರರಿಯಿಂದ ತಂದ ಕಾಮಿಕ್ಸ್ ಒಂದೇ.

ಮಗ ಏಳನೇ ಕ್ಲಾಸ್. ಹೋದ ವಾರ ಲೈಬ್ರರಿಯಿಂದ ಓಡಿ ಬಂದವನು ಬಾಗಿಲಲ್ಲೇ ನಿಂತು, "ಅಮ್ಮಾ, ಮಾಂಗಾ ಸಿಕ್ತು" ಅಂತ ಕೂಗಿದ. ಅತ್ತೆ ಅಡುಗೆಮನೆಯಿಂದಲೇ, "ಈ ಮಳೇಲಿ ಎಲ್ಲಿಯ ಮಾಂಗೆ? ಕಾಡುಮಾವು ಮುಗಿದು ಎಷ್ಟು ದಿನ ಆಯ್ತು" ಅಂದರು. ನಗು ತಡೆಯೋಕೆ ಆಗಲಿಲ್ಲ. ಜಪಾನಿನ ಕಾಮಿಕ್ಸ್‌ಗೆ ಆ ಹೆಸರು ಅಂತ ಎಷ್ಟು ಹೇಳಿದರೂ ಈಗ ನಮ್ಮ ಮನೆಯಲ್ಲಿ ಅದು ಮಾಂಗೆ ಪುಸ್ತಕವೇ.

ಅವನು ತಂದಿದ್ದು ಒಸಾಮು ತೆಜುಕಾ ಅವರ 'ಬುದ್ಧ', ಇಂಗ್ಲಿಷ್ ಅನುವಾದ. ಒಟ್ಟು 8 ಸಂಪುಟ. ಇವನ ವಯಸ್ಸಿಗೆ ಸರಿಯೋ ಇಲ್ಲವೋ ನೋಡೋಣ ಅಂತ ಮೊದಲನೆಯದನ್ನು ಸುಮ್ನೆ ತೆರೆದೆ. ಶುರುವಿನಲ್ಲೇ ಹಿಮದಲ್ಲಿ ಒಬ್ಬ ಮುದುಕ ಹಸಿದು ಬಿದ್ದಿರುತ್ತಾನೆ. ಕರಡಿ, ನರಿ ಏನೇನೋ ತಂದುಕೊಡುತ್ತವೆ. ಮೊಲಕ್ಕೆ ಮಾತ್ರ ಏನೂ ಸಿಗುವುದಿಲ್ಲ. ಬೆಂಕಿ ಹಾಕು ಅಂತ ಸನ್ನೆ ಮಾಡಿ, ಹಾಕಿದ ಬೆಂಕಿಗೆ ತಾನೇ ಹಾರುತ್ತೆ. ಚಂದ್ರನಲ್ಲಿ ಮೊಲ ತೋರಿಸಿ ನಮಗೆ ಅನ್ನ ತಿನ್ನಿಸಿದ್ದರಲ್ಲ, ಅದೇ ಮೊಲ. ಕಥೆ ಗೊತ್ತಿದ್ದದ್ದೇ. ಆದರೂ ಆ ಪುಟದಲ್ಲಿ ಕೈ ನಿಂತುಬಿಟ್ಟಿತು. ರಾತ್ರಿ ಹನ್ನೊಂದೂವರೆಗೆ ಎಮರ್ಜೆನ್ಸಿ ಲ್ಯಾಂಪ್ ಮಂಕಾಗುವವರೆಗೂ ಓದಿದೆ.

ಈಗ ಸಮಸ್ಯೆ. 1, 2, 4 ಸಿಕ್ಕಿವೆ. 3 ಇಲ್ಲ. ರಾಜಕುಮಾರ ಎರಡರ ಕೊನೆಯಲ್ಲಿ ಮನೆ ಬಿಟ್ಟು ಹೊರಟ, ಆಮೇಲೆ ಏನಾಯ್ತು ಅಂತ ನಾವಿಬ್ಬರೂ ಬಾಯಿ ಬಿಟ್ಟುಕೊಂಡು ಕೂತಿದ್ದೇವೆ. ಬುದ್ಧನ ಕಥೆ ಗೊತ್ತಿಲ್ವಾ ಅನ್ನಬೇಡಿ. ಇದರಲ್ಲಿ ತತ್ತ, ಛಾಪ್ರ ಅಂತ ಅರ್ಧ ಪಾತ್ರಗಳು ತೆಜುಕಾ ತಾವೇ ಕಟ್ಟಿದವು.

ಇನ್ನೊಂದು ವಿಷಯ. ಎರಡನೇ ಸಂಪುಟದ ನಡುವೆ ಒಂದು ಪುಟದ ಮೂಲೆಯಲ್ಲಿ ನೇರಳೆ ಬಣ್ಣದ ಹೆಬ್ಬೆರಳ ಗುರುತು ಇದೆ. ಚಿಕ್ಕ ಬೆರಳು. ಇಂಕ್ ಅಲ್ಲ. ಏನಿರಬಹುದು?

ಲೈಬ್ರರಿಯಿಂದ ಕಾಮಿಕ್ಸ್ ತರುವವರು ಇಲ್ಲಿ ಬೇರೆ ಯಾರಾದರೂ ಇದ್ದೀರಾ? ನೆಂಟರೊಬ್ಬರು "ಇದೂ ಒಂದು ಓದಾ" ಅಂತ ನಕ್ಕು ಹೋದರು. ಅದಕ್ಕೇ ಕೇಳಿದೆ.

ಏಲಕ್ಕಿ
ಆಗಸ್ಟ್ 6, ರಾತ್ರಿ 9.32

ಅಕ್ಕಾ, ಕೊಡಗಿನಲ್ಲಿ ಇದ್ದುಕೊಂಡು ಇದನ್ನು ಕೇಳುತ್ತೀರಲ್ಲ! ಮದ್ದುಸೊಪ್ಪು, ಬೇಯಿಸಿದರೆ ನೇರಳೆ ಬಣ್ಣ ಬಿಡುತ್ತಲ್ಲ, ಅದೇ. ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಅದರ ಪಾಯಸ ತಿಂದ ಕೈ. ಮೊನ್ನೆ ಮೊನ್ನೆ 3ನೇ ತಾರೀಖು ನಮ್ಮ ಮನೆಯ ಟೇಬಲ್ ಕ್ಲಾತ್‌ಗೂ ಅದೇ ಗತಿ. ಎಷ್ಟು ಸೋಪು ಹಾಕಿದರೂ ಹೋಗಿಲ್ಲ.

ಮಳೆಗಾಲದ ಓದುಗಿ
ಆಗಸ್ಟ್ 6, ರಾತ್ರಿ 9.36

ಅಯ್ಯೋ ಹೌದಲ್ವಾ! ಪುಸ್ತಕ ಈ ತಿಂಗಳು ನಮ್ಮ ಕೈಯಲ್ಲೇ ಇತ್ತು. ಹಾಗಾದರೆ ಇದು ಹೋದ ವರ್ಷದ ಅಥವಾ ಅದರ ಹಿಂದಿನ ಪಾಯಸ.

ಗೋಣಿಕೊಪ್ಪದವ
ಆಗಸ್ಟ್ 6, ರಾತ್ರಿ 10.05

ನಾನು ತರುತ್ತೇನೆ. ವಯಸ್ಸು 41, ಅಂಗಡಿ ಇದೆ, ಎರಡು ಮಕ್ಕಳಿದ್ದಾರೆ. ನಾಚಿಕೆ ಏನಿಲ್ಲ.

ಮೊದಲ ಸಲ ತಂದಾಗ ಆದ ಫಜೀತಿ ಹೇಳುತ್ತೇನೆ. ಯಾವುದೋ ಬಾಸ್ಕೆಟ್‌ಬಾಲ್ ಕಥೆ. ನಮ್ಮ ಪುಸ್ತಕದ ಥರ ಎಡಗಡೆಯಿಂದ ತೆರೆದೆ. ಮೊದಲ ಪುಟದಲ್ಲೇ ಎಲ್ಲರೂ ಅಳುತ್ತಿದ್ದಾರೆ, ಅಪ್ಪಿಕೊಳ್ಳುತ್ತಿದ್ದಾರೆ. ಪರವಾಗಿಲ್ಲ, ಜೋರಾಗಿ ಶುರು ಮಾಡಿದ್ದಾರೆ ಅಂದುಕೊಂಡೆ. ನಾಲ್ಕು ಪುಟ ಓದಿದೆ. ಚೆಂಡು ಬುಟ್ಟಿಯಿಂದ ಹೊರಗೆ ಬಂದು ಆಟಗಾರನ ಕೈಗೆ ಹೋಗುತ್ತಿದೆ! ಆಗ ಮಗಳು ಬಂದು ಪುಸ್ತಕ ಕಿತ್ತುಕೊಂಡು ತಿರುಗಿಸಿ ಕೊಟ್ಟಳು. ಯಾರು ಗೆದ್ದರು ಅಂತ ಅಷ್ಟರಲ್ಲಿ ಗೊತ್ತಾಗಿ ಹೋಗಿತ್ತು.

ಮಾಂಗಾ ಬಲದಿಂದ ಎಡಕ್ಕೆ. ಪುಟವೂ ಹಾಗೆ, ಪುಟದೊಳಗಿನ ಚೌಕಗಳೂ ಹಾಗೆ, ಒಂದು ಚೌಕದಲ್ಲಿರುವ ಮಾತಿನ ಗುಳ್ಳೆಗಳೂ ಹಾಗೆ. ಮೇಲಿನ ಬಲ ಮೂಲೆಯಿಂದ ಹೊರಟು ಕೆಳಗಿನ ಎಡ ಮೂಲೆಗೆ ಬರಬೇಕು. ಹತ್ತು ಪುಟ ಕಷ್ಟ. ಆಮೇಲೆ ಕಣ್ಣೇ ಹೋಗುತ್ತೆ.

ನಿಮ್ಮ 'ಬುದ್ಧ' ಎಡದಿಂದಲೇ ಇದೆ ಅಲ್ವಾ? ಅದನ್ನು ಇಂಗ್ಲಿಷಿಗೆ ತರುವಾಗ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಅಚ್ಚು ಹಾಕಿದ್ದಾರೆ. ಹಳೆಯ ಅನುವಾದಗಳಲ್ಲಿ ಇದು ಮಾಮೂಲಿ. ಹಾಗೆ ಮಾಡಿದರೆ ಬಲಗೈಯವರೆಲ್ಲ ಎಡಗೈಯವರಾಗುತ್ತಾರೆ. ಕತ್ತಿ ಹಿಡಿದ ಸೈನಿಕರ ಕೈ ನೋಡಿ ಬೇಕಾದರೆ.

ಮಳೆಗಾಲದ ಓದುಗಿ
ಆಗಸ್ಟ್ 6, ರಾತ್ರಿ 10.20

ಈಗ ತಾನೇ ತೆಗೆದು ನೋಡಿದೆವು. ಮಗನಿಗೆ ಖುಷಿಯೋ ಖುಷಿ. ಅವನೂ ಎಡಚ.

ನಿವೃತ್ತ ಮೇಷ್ಟ್ರು
ಆಗಸ್ಟ್ 7, ಬೆಳಿಗ್ಗೆ 6.10

ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ನನಗಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ. ಮನೆ ಕಂದಾಯದ ಮೇಲೆ ನಾವು ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆಯ ಆಶಯ ದೊಡ್ಡದು. ಆ ದುಡ್ಡಿನಲ್ಲಿ ದಪ್ಪ ದಪ್ಪ ಇಂಗ್ಲಿಷ್ ಚಿತ್ರಪುಸ್ತಕ ಕೊಳ್ಳುವುದು ಸರಿಯೇ? ಒಂದು ಸಂಪುಟದ ಬೆಲೆಗೆ ನಾಲ್ಕು ಒಳ್ಳೆಯ ಕನ್ನಡ ಪುಸ್ತಕ ಬರುತ್ತವೆ. ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ. ಚಿತ್ರ ನೋಡಿ ಪುಟ ತಿರುಗಿಸುವ ಹುಡುಗ ಒಂದು ಪ್ಯಾರಾ ಓದಲು ಕೂತರೆ ಒದ್ದಾಡುತ್ತಾನೆ. ಇದು ಕಣ್ಣಾರೆ ಕಂಡದ್ದು.

ಸುಂಟಿಕೊಪ್ಪ ಸ್ಟೇರಿಂಗ್
ಆಗಸ್ಟ್ 7, ಮಧ್ಯಾಹ್ನ 1.40

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಲಯಾಳಂ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಆಡುತ್ತಿದ್ದ ಹುಡುಗರದ್ದು ತಮಿಳು, ತುಳು, ಯರವ ಭಾಷೆ. ಶಾಲೆಯ ಕನ್ನಡ ಪುಸ್ತಕ ನನಗೆ ಗೋಡೆ ಇದ್ದ ಹಾಗೆ ಇತ್ತು. ಓದು ಬಂದದ್ದು ಸೆಲೂನಿನಲ್ಲಿ. ಅಲ್ಲಿ ಬೆಂಚಿನ ಮೇಲೆ ಹರಿದ 'ಬಾಲಮಂಗಳ' ಬಿದ್ದಿರುತ್ತಿತ್ತು. ಅದರಲ್ಲಿ ಡಿಂಗ. ಇಲಿ, ಆದರೆ ಸೂಪರ್‌ಮ್ಯಾನ್ ಥರ ಹಾರುತ್ತೆ. ಡಿಂಗ ಏನು ಹೇಳಿದ ಅಂತ ತಿಳಿಯಲೇಬೇಕಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕೂದಲು ಬೆಳೆಯದಿದ್ದರೂ ಸೆಲೂನಿಗೆ ಹೋಗಿ ಕೂರುತ್ತಿದ್ದೆ.

ಈಗ ಲಾರಿ ಓಡಿಸುತ್ತೇನೆ. ಲೋಡ್ ಆಗುವವರೆಗೆ ಕಾದಂಬರಿ ಓದುತ್ತೇನೆ, ದಪ್ಪದ್ದೇ ಓದುತ್ತೇನೆ. ಡಿಂಗ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಏಲಕ್ಕಿ
ಆಗಸ್ಟ್ 7, ಮಧ್ಯಾಹ್ನ 2.02

ಇದಕ್ಕೆ ಹತ್ತು ಲೈಕ್ ಕೊಡುವ ಹಾಗಿದ್ದರೆ ಕೊಡುತ್ತಿದ್ದೆ.

ಮೇಷ್ಟ್ರೇ, 'ಅಮರ ಚಿತ್ರ ಕಥೆ'ಯ ಅನಂತ ಪೈ ನಮ್ಮ ಕಾರ್ಕಳದವರು. ಆ ಮಾಲೆ ಇಂಗ್ಲಿಷಿನಲ್ಲಿ ಯಾಕೆ 11ನೇ ನಂಬರಿನ 'ಕೃಷ್ಣ'ದಿಂದ ಶುರುವಾಯ್ತು ಗೊತ್ತಾ? ಅದಕ್ಕೂ ಮುಂಚಿನ ಹತ್ತು ಸಿಂಡ್ರೆಲಾ ಥರದ ಕಥೆಗಳ ಅನುವಾದ, ಅವು ಮೊದಲು ಬಂದದ್ದು ಕನ್ನಡದಲ್ಲಿ. ಕಾಮಿಕ್ಸ್ ಎಲ್ಲಿಂದಲೋ ಬಂದು ಕನ್ನಡದ ಮೇಲೆ ಬಿದ್ದದ್ದಲ್ಲ. ಆ ಬಂಡಿಗೆ ಮೊದಲು ಹೆಗಲು ಕೊಟ್ಟವರಲ್ಲಿ ನಾವೂ ಇದ್ದೇವೆ.

ನಿವೃತ್ತ ಮೇಷ್ಟ್ರು
ಆಗಸ್ಟ್ 7, ಸಂಜೆ 5.30

ಡಿಂಗನ ವಿಷಯ ಒಪ್ಪಿದೆ. ಆ ಪತ್ರಿಕೆಯನ್ನು ಕ್ಲಾಸಿನಲ್ಲಿ ಎಷ್ಟು ಮಕ್ಕಳ ಕೈಯಿಂದ ಕಿತ್ತುಕೊಂಡಿದ್ದೇನೋ ಲೆಕ್ಕವಿಲ್ಲ. ಕಿತ್ತುಕೊಂಡು ಸ್ಟಾಫ್ ರೂಮಿನಲ್ಲಿ ಓದುತ್ತಿದ್ದೆವು, ಅದನ್ನೂ ಹೇಳಿಬಿಡುತ್ತೇನೆ.

ಆದರೆ ನೀವು ಹೇಳಿದ್ದೆಲ್ಲ ಕನ್ನಡದ ಕಾಮಿಕ್ಸ್. ಈ ಮಾಂಗಾ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಇದ್ದಿದ್ದರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತಿತ್ತು.

ಕುಶಾಲನಗರ ಹುಡುಗಿ
ಆಗಸ್ಟ್ 7, ರಾತ್ರಿ 8.48

ಮೇಷ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದರು. ನಾನು ಕೆಲಸಕ್ಕಾಗಿ ಸ್ವಲ್ಪ ಜಪಾನಿ ಕಲಿತಿದ್ದೇನೆ. ಮಾಂಗಾವನ್ನು ಇಂಗ್ಲಿಷಿಗಿಂತ ಕನ್ನಡಕ್ಕೆ ತರುವುದು ಸುಲಭ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಕಾರಣ ಶಬ್ದಗಳು.

ಮಾಂಗಾದ ಪುಟದಲ್ಲಿ ಚಿತ್ರದ ಮೇಲೇ ದೊಡ್ಡದಾಗಿ ಸದ್ದು ಬರೆದಿರುತ್ತಾರೆ. ಬಾಗಿಲ ಸದ್ದು, ಹೆಜ್ಜೆ ಸದ್ದು, ಮಳೆ ಸದ್ದು. ಇಂಗ್ಲಿಷಿನವರು ಅಲ್ಲಿ ತಡವರಿಸುತ್ತಾರೆ. ಎಷ್ಟೋ ಕಡೆ ಜಪಾನಿ ಅಕ್ಷರವನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸಣ್ಣಗೆ ಅರ್ಥ ಹಾಕುತ್ತಾರೆ. ನಮಗೆ ಅದು ಬೇಕಾ? ಜಪಾನಿಯಲ್ಲಿ ಎದೆ ಹೊಡೆದುಕೊಂಡರೆ 'ದೊಕಿ ದೊಕಿ'. ನಮ್ಮದು ಡವಡವ. ಮಳೆಯ ಮೊದಲ ಹನಿಗಳು ಬಿದ್ದರೆ 'ಪೊತ್ಸು ಪೊತ್ಸು'. ಸಣ್ಣಗೆ ಸದ್ದಿಲ್ಲದ ಹಾಗೆ ಸುರಿದರೆ 'ಶಿತೊ ಶಿತೊ'. ಜೋರಾದರೆ 'ಜಾ಼ ಜಾ಼'. ಹೇಳಿ, ಇವಕ್ಕೆ ನಮ್ಮಲ್ಲಿ ಪದ ಇಲ್ವಾ?

ಗೋಣಿಕೊಪ್ಪದವ
ಆಗಸ್ಟ್ 7, ರಾತ್ರಿ 8.55

ಮಳೆಗೆ ಪದ ಕೇಳೋಕೆ ಒಳ್ಳೇ ಜಾಗ ಹುಡುಕಿದಿರಿ! ಮೊದಲ ಹನಿ ಪಟ್ ಪಟ್. ಶಿತೊ ಶಿತೊ ಅಂದರೆ ಜಿಟಿಜಿಟಿ.

ಸುಂಟಿಕೊಪ್ಪ ಸ್ಟೇರಿಂಗ್
ಆಗಸ್ಟ್ 7, ರಾತ್ರಿ 9.01

ಜೋರು ಅಂದರೆ ಧೋ. ಲಾರಿ ಟಾರ್ಪಲ್ ಮೇಲೆ ಬಿದ್ದರೆ ದಬದಬ. ಶೀಟಿನ ಮೇಲೆ ಬೇರೆ, ಹಂಚಿನ ಮೇಲೆ ಬೇರೆ.

ಮಳೆಗಾಲದ ಓದುಗಿ
ಆಗಸ್ಟ್ 7, ರಾತ್ರಿ 9.04

ಮರದಿಂದ ತೊಟ್ಟಿಕ್ಕುವುದು ತೊಟ ತೊಟ. ಮಳೆ ನಿಂತ ಮೇಲೂ ಕಾಫಿ ತೋಟದಲ್ಲಿ ಅರ್ಧ ಗಂಟೆ ಅದೇ ಸದ್ದು.

ನಿವೃತ್ತ ಮೇಷ್ಟ್ರು
ಆಗಸ್ಟ್ 7, ರಾತ್ರಿ 9.10

ಇವುಗಳಿಗೆ ವ್ಯಾಕರಣದಲ್ಲಿ ಅನುಕರಣಾವ್ಯಯ ಎನ್ನುತ್ತಾರೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಮಕ್ಕಳು ಮೂರು ಉದಾಹರಣೆ ಬಾಯಿಪಾಠ ಮಾಡಿ ಬರೆದು ಮರೆಯುತ್ತಿದ್ದರು. ಹತ್ತು ನಿಮಿಷದಲ್ಲಿ ನೀವು ಇಲ್ಲಿ ಇಷ್ಟು ಬರೆದಿದ್ದೀರಿ. ಸೋ ಎಂದು ಸುರಿಯುವುದನ್ನು ಬಿಟ್ಟಿದ್ದೀರಿ.

ಕುಶಾಲನಗರ ಹುಡುಗಿ
ಆಗಸ್ಟ್ 7, ರಾತ್ರಿ 9.22

ಇನ್ನು ನನಗೆ ಅತಿ ಇಷ್ಟವಾದದ್ದು. ಜಪಾನಿಯಲ್ಲಿ ನಿಶ್ಶಬ್ದಕ್ಕೂ ಒಂದು ಸದ್ದು ಇದೆ. ಯಾರೂ ಮಾತಾಡದೆ ಇರುವಾಗ ಖಾಲಿ ಕೋಣೆಯ ಚಿತ್ರದ ಮೇಲೆ 'ಶೀಈಈನ್' ಅಂತ ಉದ್ದಕ್ಕೆ ಬರೆಯುತ್ತಾರೆ. ಇಂಗ್ಲಿಷ್ ಅನುವಾದದಲ್ಲಿ ಅಲ್ಲಿ 'ಮೌನ' ಅಂತ ಹಾಕಿದ್ದನ್ನು ನೋಡಿ ನಗು ಬಂತು. ನಾವಾದರೆ 'ಗವ್' ಅಂತ ಬರೆಯಬಹುದು. ಮನೆ ಗವ್ ಅನ್ನುತ್ತಿತ್ತು ಅನ್ನಲ್ವಾ?

ಮೊಲದ ಬಗ್ಗೆ ಒಂದು ಮಾತು. ಜಪಾನಿನವರಿಗೂ ಚಂದ್ರನಲ್ಲಿ ಮೊಲವೇ ಕಾಣುವುದು. ಅವರ ಮೊಲ ಒನಕೆ ಹಿಡಿದು ಅಕ್ಕಿ ಕುಟ್ಟುತ್ತಿರುತ್ತೆ.

ಬೂಸ್ಲು ವೈರಿ
ಆಗಸ್ಟ್ 8, ಬೆಳಿಗ್ಗೆ 7.45

ಎಲ್ಲ ಸರಿ, ಈ ಪುಸ್ತಕಗಳನ್ನು ಮನೆಯಲ್ಲಿ ಎಲ್ಲಿಡುತ್ತಿದ್ದೀರಿ? ಮಾಂಗಾ ಸಂಪುಟಕ್ಕೆ ಹೊಲಿಗೆ ಇರುವುದಿಲ್ಲ, ಬರೀ ಅಂಟು. ನಮ್ಮ ಮಳೆಗಾಲದಲ್ಲಿ ಕಾಗದ ತೇವ ಹೀರಿ ಉಬ್ಬುತ್ತೆ. ಆಮೇಲೆ ಯಾರೋ ಬುದ್ಧಿವಂತರು ಅಗ್ಗಿಷ್ಟಿಕೆ ಪಕ್ಕ ಇಟ್ಟು ಒಣಗಿಸುತ್ತಾರೆ. ಅಂಟು ಚಟಚಟ ಬಿಡುತ್ತೆ, ಪುಟಗಳು ಇಸ್ಪೀಟ್ ಎಲೆಯ ಹಾಗೆ ಕೈಗೆ ಬರುತ್ತವೆ. ಬಟ್ಟೆ ಒಣಗಿಸುವ ಹಾಗೆ ಪುಸ್ತಕ ಒಣಗಿಸಬೇಡಿ. ನೆಟ್ಟಗೆ ನಿಲ್ಲಿಸಿ, ಬೀಸಣಿಗೆ ಥರ ಸ್ವಲ್ಪ ಬಿಡಿಸಿ, ಫ್ಯಾನ್ ಗಾಳಿಗೆ ಇಡಿ. ತುಂಬಾ ಒದ್ದೆಯಾಗಿದ್ದರೆ ಹತ್ತಿಪ್ಪತ್ತು ಪುಟಕ್ಕೊಂದು ಬಿಳಿ ಹಾಳೆ ಇಡಿ. ನ್ಯೂಸ್ ಪೇಪರ್ ಬೇಡ, ಅದರ ಕಪ್ಪು ಇದಕ್ಕೆ ಹತ್ತುತ್ತೆ.

ಬೂಸ್ಲು ಹಸಿಯಾಗಿರುವಾಗ ಒರೆಸಿದರೆ ಅದು ಒಳಗೆ ಇಳಿಯುತ್ತೆ. ಪೂರ್ತಿ ಒಣಗಲಿ, ಆಮೇಲೆ ಮನೆಯ ಹೊರಗೆ ಹೋಗಿ ಮೆತ್ತಗಿನ ಬ್ರಷ್‌ನಲ್ಲಿ ಜಾಡಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನಾನು ಹೋಗುವ ಒಂದು ಲೈಬ್ರರಿಯಲ್ಲಿ ಮಕ್ಕಳ ರ‍್ಯಾಕನ್ನು ಸೋರುವ ಗೋಡೆಗೆ ಒತ್ತಿ ಇಟ್ಟಿದ್ದರು. ಎರಡು ಮಳೆಗಾಲ ಹೇಳಿದೆ. ಮೂರನೆಯದಕ್ಕೆ ನಾನೂ ಇನ್ನಿಬ್ಬರೂ ಸೇರಿ ರ‍್ಯಾಕನ್ನು ಒಂದು ಗೇಣು ಮುಂದೆ ಎಳೆದೆವು. ಯಾರೂ ಏನೂ ಅನ್ನಲಿಲ್ಲ.

ಏಲಕ್ಕಿ
ಆಗಸ್ಟ್ 8, ಬೆಳಿಗ್ಗೆ 10.15

ಅಮ್ಮಂದಿರಿಗೆ ಒಂದು ಕಿವಿಮಾತು. ಚಿತ್ರ ಇದೆ ಅಂದ ತಕ್ಷಣ ಮಕ್ಕಳ ಪುಸ್ತಕ ಅಲ್ಲ. ಜಪಾನಿನಲ್ಲಿ ಇದನ್ನು ಓದುಗರ ಪ್ರಕಾರ ಬೇರೆ ಬೇರೆ ಮಾಡಿದ್ದಾರೆ. ಶೋನೆನ್ ಅಂದರೆ ಹುಡುಗರಿಗೆ, ಶೋಜೊ ಹುಡುಗಿಯರಿಗೆ, ಸೇನೆನ್ ಮತ್ತು ಜೋಸೇ ದೊಡ್ಡವರಿಗೆ. ಆದರೆ ಲೈಬ್ರರಿಯಲ್ಲಿ ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇದ್ದರೆ ಎಲ್ಲವೂ 741.5 ಅನ್ನುವ ಒಂದೇ ನಂಬರಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಡೋರೆಮಾನ್ ಪಕ್ಕದಲ್ಲೇ ರಕ್ತ ಚೆಲ್ಲಾಡುವ ಪುಸ್ತಕ ನೋಡಿದ್ದೇನೆ. ಹಿಂದಿನ ರಟ್ಟಿನ ಮೇಲೆ ವಯಸ್ಸು ಹಾಕಿರುತ್ತಾರೆ, ನೋಡಿ ಕೊಡಿ. ಓದುಗಿ ಅಕ್ಕಾ, 'ಬುದ್ಧ'ದಲ್ಲೂ ಮೈಮೇಲೆ ಬಟ್ಟೆ ಕಡಿಮೆ ಇರುವವರು ಬರುತ್ತಾರೆ.

ಮಳೆಗಾಲದ ಓದುಗಿ
ಆಗಸ್ಟ್ 8, ಬೆಳಿಗ್ಗೆ 11.00

ಬಂದರು. ಮಗ "ಆ ಕಾಲದಲ್ಲಿ ಸೆಕೆ ಜಾಸ್ತಿ ಇತ್ತು ಅನ್ಸುತ್ತೆ" ಅಂದ. ಅಲ್ಲಿಗೆ ಬಿಟ್ಟೆ.

ಗೋಣಿಕೊಪ್ಪದವ
ಆಗಸ್ಟ್ 8, ರಾತ್ರಿ 9.30

ಕೊಂಡು ಓದಬಹುದಲ್ಲ ಅಂತ ಕೆಲವರು ನನ್ನನ್ನು ಕೇಳುತ್ತಾರೆ. 'ಒನ್ ಪೀಸ್' 1997ರಲ್ಲಿ ಶುರುವಾಗಿ ನೂರು ಸಂಪುಟ ದಾಟಿದೆ. ಅಷ್ಟು ಕೊಂಡರೆ ಅಂಗಡಿಯ ಸಾಮಾನು ಎಲ್ಲಿಡಲಿ?

ಇವು ಯಾಕೆ ಇಷ್ಟು ಉದ್ದ ಅನ್ನುವುದಕ್ಕೂ ಕಾರಣ ಇದೆ. ನಮ್ಮ ವಾರಪತ್ರಿಕೆಯ ಧಾರಾವಾಹಿ ನೆನಪಿದೆ ಅಲ್ವಾ, ಗುರುವಾರಕ್ಕೆ ಕಾಯುತ್ತಿದ್ದದ್ದು? ಅದೇ ಪದ್ಧತಿ. 1968ರಲ್ಲಿ ಶುರುವಾದ 'ಶೋನೆನ್ ಜಂಪ್' ಥರದ ದಪ್ಪ ಪತ್ರಿಕೆಗಳಲ್ಲಿ ವಾರಕ್ಕೊಂದು ಅಧ್ಯಾಯ ಬರುತ್ತೆ. ಜನ ಓದುವವರೆಗೂ ಕಥೆ ನಡೆಯುತ್ತೆ. ಆಮೇಲೆ ಏಳೆಂಟು ಹತ್ತು ಅಧ್ಯಾಯ ಸೇರಿಸಿ ಸಂಪುಟ. ಅದಕ್ಕೇ ಪ್ರತಿ ಇಪ್ಪತ್ತು ಪುಟಕ್ಕೊಮ್ಮೆ ಯಾರೋ ಬಾಗಿಲು ತಟ್ಟುತ್ತಾರೆ, ಇಲ್ಲ ಯಾರೋ ಬಂಡೆಯಿಂದ ಜಾರುತ್ತಾರೆ.

ಲೈಬ್ರರಿಯಲ್ಲಿ ಆ ಕಾಯುವ ಸುಖ ವಾಪಸ್ ಸಿಗುತ್ತೆ. 7 ಓದಿ ಮುಗಿಸಿರುತ್ತೇನೆ, 8 ಯಾರೋ ತೆಗೆದುಕೊಂಡು ಹೋಗಿರುತ್ತಾರೆ. ಹದಿನೈದು ದಿನ ಆ ಯಾರೋ ಮೇಲೆ ಸಿಟ್ಟು. ಹಿಂದಿನ ರಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ತಾರೀಖಿನ ಸೀಲು ನೋಡಿ ಲೆಕ್ಕ ಹಾಕುವುದು. ನಾನಂತೂ ಒಂದು ಸಲ ಸಂತೆಯಲ್ಲಿ ಒಬ್ಬ ಹುಡುಗನ ಬ್ಯಾಗಿನಿಂದ ಇಣುಕುತ್ತಿದ್ದ 8 ನೋಡಿ, "ಬೇಗ ಓದಪ್ಪಾ" ಅಂತ ಹೇಳಿ ಬಂದೆ. ಅವನು ಹೆದರಿಬಿಟ್ಟ ಪಾಪ.

ನಿವೃತ್ತ ಮೇಷ್ಟ್ರು
ಆಗಸ್ಟ್ 11, ಬೆಳಿಗ್ಗೆ 6.30

ಮೂರು ದಿನ ಈ ಕಡೆ ಬರಲಿಲ್ಲ. ಲೈಬ್ರರಿಗೆ ಹೋಗಿದ್ದೆ. ಪತ್ರಿಕೆ ಓದಲು ದಿನವೂ ಹೋಗುವವನು, ಆ ರ‍್ಯಾಕಿನ ಕಡೆ ತಿರುಗಿರಲಿಲ್ಲ ಅಷ್ಟೆ. ಇಲ್ಲಿಯೂ 'ಬುದ್ಧ' ಮೊದಲ ಸಂಪುಟ ಒಂದೇ ಒಂದು ಇತ್ತು. ಅಲ್ಲೇ ಕೂತು ಓದಿದೆ.

ಆ ಮೊಲದ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ತ್ಯಾಗ, ಪರೋಪಕಾರ ಎಂದು ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದೆ. ಇಲ್ಲಿ ಅವರು ವಿವರಿಸಲು ಹೋಗಿಲ್ಲ. ಮುದುಕನ ಮುಖ ತೋರಿಸಿದ್ದಾರೆ. ನನಗೆ ಪುಟ ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗವ್ ಎಂದಿತು, ಕುಶಾಲನಗರದ ಮಗಳು ಹೇಳಿದ ಹಾಗೆ.

ಕೆಲವು ಹಾಸ್ಯ ನನಗೆ ಹಿಡಿಸಲಿಲ್ಲ. ಎರಡೂವರೆ ಸಾವಿರ ವರ್ಷದ ಹಿಂದಿನ ಕಥೆಯಲ್ಲಿ ಈಗಿನ ಕಾಲದ ಮಾತುಗಳು ಯಾಕೆ? ಇರಲಿ. ಕನ್ನಡದಲ್ಲಿ ಬೇಕು ಎನ್ನುವ ಮಾತನ್ನು ಈಗಲೂ ಬಿಡುವುದಿಲ್ಲ. ಬೇಡಿಕೆ ಪುಸ್ತಕ ಕೇಳಿ ತೆಗೆಸಿ ಎರಡು ಸಾಲು ಬರೆದು ಬಂದೆ. ಒಂದು, ಕನ್ನಡ ಕಾಮಿಕ್ಸ್ ತರಿಸಿ. ಎರಡು, ಉಳಿದ ಏಳು ಸಂಪುಟ ತರಿಸಿ. ನೀವೂ ನಿಮ್ಮ ನಿಮ್ಮ ಕಡೆ ಬರೆಯಿರಿ. ಸುಮ್ಮನೆ 'ಮಾಂಗಾ ಬೇಕು' ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಹಿಂದಿನ ರಟ್ಟಿನ ಮೇಲಿರುವ 13 ಅಂಕಿಯ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬರೆದು ಸಹಿ ಹಾಕಿ.

ಕಿತ್ತಳೆ ಗಿಡ (ನಾಪೋಕ್ಲು ಕಡೆ)
ಆಗಸ್ಟ್ 11, ರಾತ್ರಿ 10.50

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಆ ನೇರಳೆ ಬೆರಳು ನನ್ನ ಮಗಳದ್ದು. ಹೋದ ವರ್ಷ ಕಕ್ಕಡ 18ಕ್ಕೆ ತವರಿಗೆ ಬಂದಿದ್ದೆವು. ಒಂದು ಕೈಯಲ್ಲಿ ಪಾಯಸ, ಒಂದು ಕೈಯಲ್ಲಿ ಪುಸ್ತಕ. ಬೈದೆ, ಹತ್ತಿಯಿಂದ ಒರೆಸಿದೆ, ಹೋಗಲಿಲ್ಲ. ಹಾಗೇ ವಾಪಸ್ ಕೊಟ್ಟೆವು. ಅಣ್ಣನ ಕಾರ್ಡಿನಲ್ಲಿ ಮೂರನೆಯದನ್ನೂ ತಂದಿದ್ದಳು. ಅದು ಕಾಣೆಯಾಯ್ತು. ಅಣ್ಣ ಕೊಟ್ಟಿರಬಹುದು ಅಂತ ನಾನು, ನಾನು ಕೊಟ್ಟಿರಬಹುದು ಅಂತ ಅಣ್ಣ.

ಈ ಚರ್ಚೆ ಓದಿ ಅಮ್ಮನಿಗೆ ಫೋನ್ ಮಾಡಿದೆ. ಅಕ್ಕಿ ಡ್ರಮ್ಮಿನ ಹಿಂದೆ ಇತ್ತಂತೆ. ಬೂಸ್ಲು ವೈರಿ ಅಣ್ಣಾ, ರಟ್ಟಿನ ಮೇಲೆ ಹಸಿರು ಬಂದಿದೆ, ನೀವು ಹೇಳಿದ ಹಾಗೆ ಒಣಗಿಸುತ್ತಿದ್ದಾರೆ. ಒಂದು ವರ್ಷಕ್ಕೆ ದಂಡ ಎಷ್ಟು ಹಾಕುತ್ತಾರೋ!

ಬೂಸ್ಲು ವೈರಿ
ಆಗಸ್ಟ್ 11, ರಾತ್ರಿ 11.02

ಅಗ್ಗಿಷ್ಟಿಕೆ ಹತ್ತಿರ ಇಡಬೇಡಿ ಅಂತ ಅಮ್ಮನಿಗೆ ಇನ್ನೊಂದು ಸಲ ಫೋನ್ ಮಾಡಿ. ಈಗಲೇ.

ಮಳೆಗಾಲದ ಓದುಗಿ
ಆಗಸ್ಟ್ 19, ರಾತ್ರಿ 8.30

ಮೂರು ಬಂತು! ಕಿತ್ತಳೆ ಗಿಡದವರ ಅಣ್ಣ ಶನಿವಾರ ವಾಪಸ್ ಕೊಟ್ಟರಂತೆ. ಲೈಬ್ರರಿಯವರು ದಂಡ ತೆಗೆದುಕೊಂಡು, ರಶೀದಿ ಕೊಟ್ಟು, "ಬದುಕಿತ್ತಾ ಇದು" ಅಂತ ನಕ್ಕರಂತೆ. ಮಾರನೇ ದಿನ ಮಗ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದ.

ಆದರೆ ನಮ್ಮಿಬ್ಬರಿಗೂ ಇನ್ನೂ ಸಿಕ್ಕಿಲ್ಲ. ಅತ್ತೆ ಹಿಡಿದು ಕೂತಿದ್ದಾರೆ. ಇಂಗ್ಲಿಷ್ ಬರುವುದಿಲ್ಲ, ಚಿತ್ರ ನೋಡಿಯೇ ಮುಂದೆ ಹೋಗುತ್ತಿದ್ದಾರೆ. ಆಗಾಗ ಕನ್ನಡಕ ಏರಿಸಿ, "ಈ ಹುಡುಗನ್ನ ತೋಳ ಸಾಕಿದ್ದು ನೋಡು" ಅನ್ನುತ್ತಾರೆ. ಅದು ದೇವದತ್ತ, ಸರಿಯಾಗಿಯೇ ಹಿಡಿದಿದ್ದಾರೆ. ಕೈ ತೊಳೆದು ಬನ್ನಿ ಅಂತ ನಾನು ಹೇಳುವಷ್ಟರಲ್ಲಿ ಮೂಲೆಯಲ್ಲಿ ಒಂದು ಅರಿಶಿನದ ಬೆರಳು ಬಿದ್ದಾಗಿತ್ತು.

ಮೇಷ್ಟ್ರೇ, ಮೂರನೆಯದನ್ನು ವಾಪಸ್ ಕೊಡುವ ತಾರೀಖು ಸೆಪ್ಟೆಂಬರ್ 2. ನಿಮ್ಮ ಕಡೆಗೆ ಎರಡನೆಯದು ಬರುವುದು ತಡವಾದರೆ ಇಲ್ಲಿಗೇ ಬಂದುಬಿಡಿ, ನಾವು ತಂದಿದ್ದ ಎರಡನೆಯದು ಲೈಬ್ರರಿಗೆ ವಾಪಸ್ ಹೋಗಿದೆ.